ಮೀನಿನ ತೊಟ್ಟಿಗೆ ಮರದ ಪೀಠ



ನೀರಿಗೆ ಬರವಿರುವ ಸೀಮೆಯಲ್ಲಿ ಮೀನು ಸಾಕುವುದು ಯಾವ ವಿವೇಕವೆಂದು ನಮ್ಮ ಮನೆಯವರು ಕೇಳಿದಾಗ ನಮ್ಮಲ್ಲಿ ತಕ್ಕ ಉತ್ತರವಿರಲಿಲ್ಲ. ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲ ನಮ್ಮ ಊರು. ಬೆಟ್ಟದ ಮುಕ್ತೀಶ್ವರನ ದರ್ಶನಕ್ಕೆಂದು ಕೆಲವರು, ದರ್ಗಾಕ್ಕೆ ಹರಕೆ ಹೊತ್ತು ಕೆಲವರು ಬಂದು ಹೋಗುತ್ತಲೇ ಇರುವ ಈ ಊರಿನಲ್ಲಿ ಜನಸಂದಣಿಗೆ ಕೊರತೆಯಿಲ್ಲ, ಕೊರತೆಯಿರುವುದು ನೀರಿಗೆ. ಉತ್ತರ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಇವೆಲ್ಲ ಚಿಕ್ಕಬಳ್ಳಾಪುರ ಜಿಲ್ಲೆಯ ಬೆಟ್ಟಗಳ ಮಕ್ಕಳೇ. ಆದರೂ ವರ್ಷವಿಡೀ ಹರಿಯುವ ನದಿಯೊಂದು ನಮ್ಮ ಪಾಲಿಗಿಲ್ಲ. ಕೆರೆ ತುಂಬಿದರೆ ಹಬ್ಬ, ಕೊಳವೆಬಾವಿ ಬತ್ತಿದರೆ ಚಿಂತೆ. ಇದು ನಮ್ಮ ಬದುಕಿನ ರೀತಿ.

ಹೀಗಿದ್ದರೂ ಒಂಬತ್ತು ವರ್ಷದ ಮೊಮ್ಮಗನ ಹಟಕ್ಕೆ ಮಣಿದು ಗಾಜಿನ ತೊಟ್ಟಿಯೊಂದನ್ನು ಮನೆಗೆ ತಂದೆವು. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ 1983ರಲ್ಲಿ ಆರಂಭವಾದ ಸರ್ಕಾರಿ ಮತ್ಸ್ಯಾಲಯವನ್ನು ನಾವು ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿದ್ದೆವು. ಆ ಬೆರಗು ಮೊಮ್ಮಗನಿಗೂ ದೊರೆಯಲಿ ಎಂಬ ಆಸೆ ನಮ್ಮಲ್ಲಿಯೂ ಇದ್ದಿತೆಂದು ಒಪ್ಪಿಕೊಳ್ಳಬೇಕು. ಮೀನು ನಮಗೆ ಆಹಾರವಲ್ಲ. ಆದರೆ ಒಂದು ಜೀವವನ್ನು ಮನೆಯೊಳಗೆ ತಂದ ಮೇಲೆ ಅದರ ಸಂಪೂರ್ಣ ಹೊಣೆ ನಮ್ಮದೇ. ಆ ಹೊಣೆ ತೊಟ್ಟಿಯ ಒಳಗಿಗಿಂತ ಮೊದಲು ತೊಟ್ಟಿಯ ಕೆಳಗೆ ಆರಂಭವಾಗುತ್ತದೆ ಎಂಬುದನ್ನು ನಾವು ಕಲಿತದ್ದು ತಡವಾಗಿ.

ಓರೆಯಾದ ನೀರಿನ ಗೆರೆ

ತೊಟ್ಟಿಯನ್ನು ಮೊದಲು ಇರಿಸಿದ್ದು ಪೇಟೆಯಿಂದ ತಂದ ಸಿದ್ಧ ಮೇಜಿನ ಮೇಲೆ. ನೋಡಲು ತೇಗದ ಬಣ್ಣ, ಮುಟ್ಟಿದರೆ ನುಣುಪು. ಒಳಗಿದ್ದುದು ಮಾತ್ರ ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ಒತ್ತಿದ ಹಲಗೆ. ಏಳು ತಿಂಗಳು ಏನೂ ಆಗಲಿಲ್ಲ. ನೀರು ಬದಲಾಯಿಸುವಾಗ ಒಂದೆರಡು ಹನಿ ಬೀಳುತ್ತಿದ್ದವು, ಒರೆಸುತ್ತಿದ್ದೆವು. ಅಂಚಿನ ಸಂದಿನಲ್ಲಿ ಇಳಿದ ಹನಿಯನ್ನು ಮಾತ್ರ ಯಾರೂ ಒರೆಸಿರಲಿಲ್ಲ.

ಒಂದು ಸಂಜೆ ಸೊಸೆ ಅಡುಗೆಮನೆಯಿಂದ ಬಂದವಳು ತೊಟ್ಟಿಯ ಮುಂದೆ ನಿಂತು, "ಮಾವ, ನೀರು ಯಾಕೆ ಓರೆಯಾಗಿದೆ?" ಎಂದಳು. ನಾವು ನೋಡಿದೆವು. ನೀರು ಎಂದೂ ಓರೆಯಾಗುವುದಿಲ್ಲ, ಓರೆಯಾಗಿದ್ದುದು ತೊಟ್ಟಿ. ಎಡಗಡೆ ಗಾಜಿನ ಅಂಚಿಗೂ ನೀರಿಗೂ ನಡುವೆ ಮೂರು ಬೆರಳು, ಬಲಗಡೆ ಒಂದೂವರೆ ಬೆರಳು. ಬಗ್ಗಿ ನೋಡಿದರೆ ಮೇಜಿನ ಬಲಗಾಲಿನ ಹಲಗೆ ನೆನೆದ ರೊಟ್ಟಿಯಂತೆ ಉಬ್ಬಿ ಒಡೆದಿತ್ತು. ಅದೇ ಕಾಲನ್ನು ಹಿಡಿದುಕೊಂಡು, ಆಗತಾನೆ ಎದ್ದು ನಿಲ್ಲಲು ಕಲಿಯುತ್ತಿದ್ದ ಕಿರಿಯ ಮೊಮ್ಮಗಳು ನಿಂತಿದ್ದಳು.

ಮಗುವನ್ನು ಎತ್ತಿಕೊಂಡದ್ದು ಸೊಸೆ. ಮನೆಯವರು ಹಂಡೆ, ಕೊಡ, ಪಾತ್ರೆಗಳನ್ನೆಲ್ಲ ತಂದಿಟ್ಟರು. ನಾವು ಮತ್ತು ಮೊಮ್ಮಗ ಕೊಳವೆಯಿಂದ ನೀರನ್ನು ಇಳಿಸಿ, ಮೀನುಗಳನ್ನು ಬಕೆಟ್ಟಿಗೆ ವರ್ಗಾಯಿಸುವಷ್ಟರಲ್ಲಿ ರಾತ್ರಿ ಹತ್ತಾಯಿತು. ಯಾರೂ ಯಾರನ್ನೂ ಬೈಯಲಿಲ್ಲ. ಆ ಮೌನವೇ ಹೆಚ್ಚು ಭಾರವಾಗಿತ್ತು.

ಭಾರ ಎಷ್ಟು?

ಮರುದಿನ ಮಾಡಬೇಕಾಗಿದ್ದ ಲೆಕ್ಕವನ್ನು ನಾವು ತೊಟ್ಟಿ ತರುವ ಹಿಂದಿನ ದಿನವೇ ಮಾಡಬೇಕಾಗಿತ್ತು. ನಮ್ಮ ತೊಟ್ಟಿ ಮೂರು ಅಡಿ ಉದ್ದ, ಒಂದು ಅಡಿ ಅಗಲ, ಹದಿನಾರು ಅಂಗುಲ ಎತ್ತರ. ಅಂದರೆ ಸುಮಾರು 90, 30 ಮತ್ತು 40 ಸೆಂಟಿಮೀಟರ್. ಈ ಮೂರನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ 108 ಲೀಟರ್. ಮೇಲೆ ನಾಲ್ಕು ಸೆಂಟಿಮೀಟರ್ ಬಿಟ್ಟು ತುಂಬಿದರೆ 97 ಲೀಟರ್. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಆರು ಮಿಲಿಮೀಟರ್ ದಪ್ಪದ ಗಾಜು ಒಂದು ಚದರ ಮೀಟರಿಗೆ 15 ಕಿಲೋ. ನಮ್ಮ ತೊಟ್ಟಿಯ ಐದು ಗಾಜುಗಳಿಗೆ ಹದಿನೆಂಟೂವರೆ ಕಿಲೋ. ತಳದ ಕಲ್ಲುಹರಳು 15 ಕಿಲೋ. ಒಟ್ಟು ಸುಮಾರು 130 ಕಿಲೋ. ಎರಡೂವರೆ ಮೂಟೆ ಸಿಮೆಂಟನ್ನು ಹಗಲೂ ರಾತ್ರಿಯೂ, ವರ್ಷಗಟ್ಟಲೆ, ಇಳಿಸದೆ ಹೊತ್ತು ನಿಲ್ಲುವ ಪೀಠ ನಮಗೆ ಬೇಕಾಗಿತ್ತು.

ಗಾಜಿನ ತೊಟ್ಟಿಯ ಹವ್ಯಾಸ ಹೊಸದೇನಲ್ಲ. ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ಮತ್ಸ್ಯಗೃಹ ತೆರೆದದ್ದು 1853ರಲ್ಲಿ. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬ ನಿಸರ್ಗ ವಿಜ್ಞಾನಿ ಬರೆದ ಗ್ರಂಥದಿಂದ 'ಅಕ್ವೇರಿಯಂ' ಎಂಬ ಹೆಸರು ಮನೆಮಾತಾಯಿತು. ಆಗಿನ ತೊಟ್ಟಿಗಳಿಗೆ ಲೋಹದ ಚೌಕಟ್ಟು ಇರುತ್ತಿತ್ತು. ಇಂದಿನವು ಗಾಜಿಗೆ ಗಾಜನ್ನು ಸಿಲಿಕೋನ್ ಅಂಟಿನಿಂದ ಕೂಡಿಸಿದವು. ಸುತ್ತಲೂ ಚೌಕಟ್ಟಿಲ್ಲದ ಇಂತಹ ತೊಟ್ಟಿ, ಪೀಠ ಒಂದಿಷ್ಟು ತಿರುಚಿಕೊಂಡರೂ ಸಹಿಸುವುದಿಲ್ಲ. ಸಂದು ಬಿಡುತ್ತದೆ, ಇಲ್ಲವೇ ತಳದ ಗಾಜು ಸೀಳುತ್ತದೆ.

ರೇಷ್ಮೆಮನೆಯ ಪಾಠ

ಮರಕ್ಕಾಗಿ ಹುಡುಕುವಾಗ ಹಿತ್ತಿಲಿನ ರೇಷ್ಮೆಮನೆ ನೆನಪಾಯಿತು. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಹುಳುವಿನ ತಟ್ಟೆಗಳನ್ನು ಜೋಡಿಸುವ ಸ್ಟ್ಯಾಂಡಿನ ಕಾಲುಗಳನ್ನು ಇರುವೆ ಹತ್ತದಂತೆ ನೀರು ತುಂಬಿದ ಬಟ್ಟಲುಗಳಲ್ಲಿ ನಿಲ್ಲಿಸುವುದು ವಾಡಿಕೆ. ನಮ್ಮ ತಂದೆಯವರು ಹಲಸಿನ ಮರದಲ್ಲಿ ಮಾಡಿಸಿದ್ದ ಎರಡು ಸ್ಟ್ಯಾಂಡುಗಳು ಹಾಗೆಯೇ ಮೂಲೆಗೆ ಸೇರಿದ್ದವು. ಅವುಗಳನ್ನು ಕೊಯ್ಯುವುದೆಂದರೆ ಮನೆಯವರಿಗೆ ಮನಸ್ಸಿರಲಿಲ್ಲ. "ಮಾವನವರ ಕೈಯ ಕೆಲಸ. ಮೀನಿಗಾಗಿ ಮುರಿಯುತ್ತೀರಾ?" ಎಂದರು. ಮುರಿಯುವುದಿಲ್ಲ, ಮತ್ತೆ ದುಡಿಮೆಗೆ ಹಚ್ಚುತ್ತೇವೆ ಎಂದೆವು. ಅವರು ಹೌದೆನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ.

ನೆರೆಯ ಆಚಾರ್ರನ್ನು ಕರೆದು ತೋರಿಸಿದೆವು. ಅವರು ಎಂಟೂ ಕಾಲುಗಳ ತಳವನ್ನು ಉಳಿಯ ಮೊನೆಯಿಂದ ಚುಚ್ಚಿ ನೋಡಿದರು. ಐದು ಕಾಲುಗಳ ತಳ ಗೇಣುದ್ದ ಕೊಳೆತು ಉಳಿ ಸಲೀಸಾಗಿ ಇಳಿಯಿತು. ಮೂರು ಕಾಲುಗಳಲ್ಲಿ ಉಳಿ ನಾಟಲೇ ಇಲ್ಲ. ಆ ಮೂರರ ತಳಕ್ಕೆ ತಂದೆಯವರು ಎಂದೋ ಡಾಂಬರು ಬಳಿದಿದ್ದರು. "ನೋಡಿ ಮೇಷ್ಟ್ರೇ, ಮರ ಪಕ್ಕದಿಂದ ನೀರು ಕುಡಿಯುವುದು ಕಡಿಮೆ, ಕೊಯ್ದ ತುದಿಯಿಂದ ಕುಡಿಯುವುದೇ ಹೆಚ್ಚು. ತುದಿ ಮುಚ್ಚಿದ್ದರೆ ಮರ ಉಳಿಯುತ್ತದೆ" ಎಂದರು ಆಚಾರ್ರು.

ಈ ಒಂದು ಮಾತಿನಲ್ಲಿ ನೀರು ತಡೆಯುವ ವಿದ್ಯೆಯ ಬಹುಪಾಲು ಅಡಗಿದೆ. ಮರವೆಂದರೆ ಉದ್ದಕ್ಕೆ ಜೋಡಿಸಿದ ಸಣ್ಣ ಸಣ್ಣ ಕೊಳವೆಗಳ ಕಟ್ಟು. ಬೇರಿನಿಂದ ಎಲೆಗೆ ನೀರೇರಿಸಿದ ಆ ಕೊಳವೆಗಳು ಮರ ಸತ್ತ ಮೇಲೂ ತೆರೆದೇ ಇರುತ್ತವೆ. ನೀರು ಕುಡಿದ ಮರ ಉದ್ದಕ್ಕೆ ಬೆಳೆಯುವುದು ಇಲ್ಲವೆನ್ನುವಷ್ಟು ಅತ್ಯಲ್ಪ. ಅಡ್ಡಕ್ಕೆ ಉಬ್ಬುವುದು ಕಣ್ಣಿಗೆ ಕಾಣುವಷ್ಟು. ಮಳೆಗಾಲದಲ್ಲಿ ಬಾಗಿಲು ಬಿಗಿಯಾಗುವುದೂ ಇದೇ ಕಾರಣಕ್ಕೆ. ಕೊಳೆತ ಭಾಗವನ್ನು ಕತ್ತರಿಸಿ ಹಾಕಿದೆವು. ಪೀಠಕ್ಕೆ ಬೇಕಾದ 26 ಅಂಗುಲದ ನಾಲ್ಕು ಕಾಲುಗಳು ಗಟ್ಟಿ ಮರದಲ್ಲಿಯೇ ದೊರೆತವು.

ಕಟ್ಟುವ ಕ್ರಮ

ಹಳೆಯ ಮರವಾದರೂ ತೇವ ಪರೀಕ್ಷಿಸುವುದು ಒಳ್ಳೆಯದು. ಒಂದು ತುಂಡನ್ನು ನೆರಳಿನಲ್ಲಿಟ್ಟು ವಾರಕ್ಕೊಮ್ಮೆ ತೂಗಬೇಕು. ತೂಕ ಇಳಿಯುವುದು ನಿಂತರೆ ಮರ ಒಣಗಿದೆಯೆಂದು ಅರ್ಥ. ನಮ್ಮ ಸೀಮೆಯಲ್ಲಿ ಮಾಘದಿಂದ ಚೈತ್ರದವರೆಗಿನ ಒಣ ದಿನಗಳು ಈ ಕೆಲಸಕ್ಕೆ ಪ್ರಶಸ್ತ.

ಕಾಲುಗಳು ಎರಡೂವರೆ ಅಂಗುಲ ಚದರ. ಮೇಲಿನ ಅಡ್ಡಪಟ್ಟಿಗಳು ಮೂರು ಅಂಗುಲಕ್ಕೆ ಒಂದೂವರೆ ಅಂಗುಲ. ಪಟ್ಟಿಯನ್ನು ಮಲಗಿಸದೆ ಕಿರಿದಾದ ಅಂಚಿನ ಮೇಲೆ ನಿಲ್ಲಿಸಿ ಜೋಡಿಸಬೇಕು. ಅದೇ ಮರ, ಅದೇ ತೂಕ; ಆದರೆ ನಿಲ್ಲಿಸಿದ ಪಟ್ಟಿ ಮಲಗಿಸಿದ್ದಕ್ಕಿಂತ ನಾಲ್ಕು ಪಟ್ಟು ಬಾಗದೆ ನಿಲ್ಲುತ್ತದೆ.

ನಾವು ಪಟ್ಟಿಗಳನ್ನು ಕಾಲಿನ ಪಕ್ಕಕ್ಕಿಟ್ಟು ತಿರುಪುಮೊಳೆ ಬಿಗಿಯಲು ಹೊರಟಾಗ ಆಚಾರ್ರು ತಡೆದರು. "ಭಾರ ಮೊಳೆಯ ಮೇಲೆ ಕೂರಬಾರದು ಮೇಷ್ಟ್ರೇ, ಮರದ ಮೇಲೆ ಕೂರಬೇಕು. ಮೊಳೆ ಇರುವುದು ಜರುಗದ ಹಾಗೆ ಹಿಡಿಯುವುದಕ್ಕೆ ಮಾತ್ರ." ಅದರಂತೆ ಕಾಲಿನ ತಲೆಯಲ್ಲಿ ಕಚ್ಚು ಕೊರೆದು, ಪಟ್ಟಿಯ ತುದಿ ಆ ಕಚ್ಚಿನ ಮೇಲೆ ಕೂರುವಂತೆ ಮಾಡಿದರು. ತೊಟ್ಟಿಯ ಭಾರ ಪಟ್ಟಿಗೆ, ಪಟ್ಟಿಯಿಂದ ಕಾಲಿಗೆ, ಕಾಲಿನಿಂದ ನೆಲಕ್ಕೆ ನೇರವಾಗಿ ಇಳಿಯುತ್ತದೆ. ನಡುವೆ ಕಬ್ಬಿಣಕ್ಕೆ ಕೆಲಸವಿಲ್ಲ. ಸಂದುಗಳಿಗೆ ನೀರು ತಡೆಯುವ ಬಗೆಯ ಮರದ ಅಂಟು ಹಾಕಿ, ಮೂಲೆಮಟ್ಟವಿಟ್ಟು ನೋಡಿ, ಒಂದು ದಿನ ಹಗ್ಗ ಬಿಗಿದು ಬಿಟ್ಟೆವು.

ಮುಂದಿನ ಪಟ್ಟಿಯಿಂದ ಹಿಂದಿನ ಪಟ್ಟಿಗೆ ನಡುವೆ ಎರಡು ಅಡ್ಡತುಂಡುಗಳು, ನೆಲದಿಂದ ಆರು ಅಂಗುಲ ಮೇಲೆ ಸುತ್ತಲೂ ಕೆಳಪಟ್ಟಿಗಳು, ಹಿಂಬದಿಗೆ ಮೂಲೆಯಿಂದ ಮೂಲೆಗೆ ಓರೆಪಟ್ಟಿ. ಈ ಓರೆಪಟ್ಟಿಯನ್ನು ಬಿಡುವವರೇ ಹೆಚ್ಚು. ನಾಲ್ಕು ಕಾಲಿನ ಪೀಠ ಮೇಲಿನ ಭಾರಕ್ಕೆ ಮುರಿಯುವುದು ವಿರಳ. ಪಕ್ಕಕ್ಕೆ ವಾಲಿ ಬೀಳುವುದೇ ಹೆಚ್ಚು. ಚೌಕ ವಾಲಬಲ್ಲದು, ತ್ರಿಕೋನ ವಾಲಲಾರದು.

ಮೇಲ್ಹಲಗೆಗೆ 18 ಮಿಲಿಮೀಟರ್ ದಪ್ಪದ ಪ್ಲೈವುಡ್ ಬಳಸಿದೆವು. ಕೊಳ್ಳುವಾಗ ಹಲಗೆಯ ಮೇಲಿನ ಮುದ್ರೆ ಓದಬೇಕು. ಎಂ.ಆರ್. ಎಂದಿದ್ದರೆ ಗಾಳಿಯ ತೇವವನ್ನು ತಡೆಯಬಲ್ಲದೇ ಹೊರತು ನೀರನ್ನಲ್ಲ. ಐ.ಎಸ್. 710 ಎಂಬ ಗುರುತಿರುವುದು ಮೆರೈನ್ ಪ್ಲೈವುಡ್. ಬೆಲೆ ಹೆಚ್ಚು, ಆದರೆ ಬೇಕಾಗುವುದು ಒಂದು ತುಂಡು ಮಾತ್ರ. ತೊಟ್ಟಿಯ ನಾಲ್ಕೂ ಅಂಚುಗಳು ಕೆಳಗಿನ ಪಟ್ಟಿಗಳ ಮೇಲೆಯೇ ಬರುವಂತೆ ಅಳತೆಯಿರಲಿ.

ನೀರು ತಡೆಯುವ ಲೇಪ

ರಂಧ್ರಗಳನ್ನೆಲ್ಲ ಕೊರೆದು, ಕತ್ತರಿಸುವುದನ್ನೆಲ್ಲ ಮುಗಿಸಿದ ನಂತರವೇ ಲೇಪಕ್ಕೆ ಕೈ ಹಾಕಬೇಕು. ಲೇಪವಾದ ಮೇಲೆ ಕೊರೆದ ಒಂದು ರಂಧ್ರ ನೀರಿಗೆ ತೆರೆದ ಬಾಗಿಲು. ಕೀಸುಳಿ ಹಿಡಿದು ಸಮಗೊಳಿಸಿ, ಉಪ್ಪುಕಾಗದದಿಂದ 80, 120, 220ನೆಯ ನಂಬರುಗಳ ಕ್ರಮದಲ್ಲಿ ಉಜ್ಜಿ, ಧೂಳನ್ನು ಒದ್ದೆ ಬಟ್ಟೆಯಿಂದ ತೆಗೆದು ಒಣಗಿಸಿದೆವು.

ಯಾವ ಲೇಪ? ಅರಗಿನ ಪಾಲಿಶ್ ನೋಡಲು ಸೊಗಸು. ಆದರೆ ನೀರು ನಿಂತರೆ ಬಿಳಿಯ ಕಲೆ ಬೀಳುತ್ತದೆ. ಅಗಸೆ ಎಣ್ಣೆ ಮರದೊಳಕ್ಕೆ ಇಳಿದು ಒಳ್ಳೆಯ ಬಣ್ಣ ಕೊಡುತ್ತದೆ. ಅದೊಂದೇ ನೀರನ್ನು ಪೂರ್ತಿ ತಡೆಯದು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಲೂ ಬಾರದು. ಆ ಎಣ್ಣೆ ಗಾಳಿಯೊಡನೆ ಕೂಡಿ ಒಣಗುವಾಗ ಕಾವು ಹುಟ್ಟಿ, ಬಟ್ಟೆ ತಾನೇ ತಾನಾಗಿ ಹೊತ್ತಿಕೊಳ್ಳಬಲ್ಲದು. ಅದನ್ನು ಹೊರಗೆ ಬಿಡಿಸಿ ಹರವಿ ಒಣಗಿಸಬೇಕು, ಇಲ್ಲವೇ ನೀರಿನಲ್ಲಿ ಮುಳುಗಿಸಿಡಬೇಕು. ಬಣ್ಣ ಹಚ್ಚುವವರು ಹಳೆಯ ಡಬ್ಬಿಗಳನ್ನು ಬಳಸದಿರಲಿ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಪಾಲಿಗಿಂತ ಹೆಚ್ಚಿರಕೂಡದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕೂ ಹಿಂದಿನ ಡಬ್ಬಿಗಳು ಮಕ್ಕಳಿರುವ ಮನೆಗೆ ತಕ್ಕವಲ್ಲ.

ನಾವು ಆರಿಸಿದ್ದು ಎಣ್ಣೆಯ ಆಧಾರದ ಪಾಲಿಯುರೆಥೇನ್ ವಾರ್ನಿಷ್. ಡಬ್ಬಿಯ ಮೇಲಿನ ಸೂಚನೆಯಂತೆ ಮೊದಲ ಕೈಯನ್ನು ಟರ್ಪೆಂಟೈನ್ ಬೆರೆಸಿ ತೆಳುವಾಗಿಸಿ ಹಚ್ಚಿದೆವು, ತೆಳುವಾದದ್ದು ಆಳಕ್ಕಿಳಿಯುತ್ತದೆ. ಎಲ್ಲಕ್ಕಿಂತ ಮೊದಲು ಕೊಯ್ದ ತುದಿಗಳು, ಅದರಲ್ಲಿಯೂ ಕಾಲಿನ ತಳಗಳು. ಹಚ್ಚಿದ್ದನ್ನು ತುದಿ ಕುಡಿದುಬಿಡುತ್ತದೆ. ಇನ್ನು ಕುಡಿಯಲಾರೆನೆಂದು ಮೇಲೆ ಹೊಳಪು ನಿಲ್ಲುವವರೆಗೆ ಮತ್ತೆ ಮತ್ತೆ ಹಚ್ಚಬೇಕು. ನಮ್ಮ ಒಂದು ಕಾಲು ಐದು ಸಲ ಕುಡಿಯಿತು. ಅನಂತರ ಎಲ್ಲ ಮುಖಗಳಿಗೂ ಮೂರು ಕೈ, ಕೈಗೂ ಕೈಗೂ ನಡುವೆ ಒಂದು ದಿನದ ಬಿಡುವು, ಪ್ರತಿ ಬಿಡುವಿನಲ್ಲಿ ಹಗುರವಾಗಿ ಉಪ್ಪುಕಾಗದದ ಉಜ್ಜುವಿಕೆ. ಮೇಲ್ಹಲಗೆಯ ಅಡಿಭಾಗವನ್ನು ಯಾರೂ ನೋಡುವುದಿಲ್ಲವೆಂದು ಬಿಡಬಾರದು. ಒಂದೇ ಮುಖಕ್ಕೆ ಲೇಪವಿದ್ದರೆ ಇನ್ನೊಂದು ಮುಖ ಮಾತ್ರ ತೇವ ಕುಡಿದು ಹಲಗೆ ಬಾಗುತ್ತದೆ.

ಪ್ಲೈವುಡ್ಡಿನ ಅಂಚಿನಲ್ಲಿ ಪದರಗಳು ತೆರೆದಿರುತ್ತವೆ. ಅಲ್ಲಿಗೂ ತುದಿಯ ನಿಯಮವೇ. ವಾರ್ನಿಷ್ ಪೂರ್ತಿ ಒಣಗಿದ ಮೇಲೆ ಹಲಗೆಗೂ ಚೌಕಟ್ಟಿಗೂ ನಡುವಿನ ಸಂದಿಗೆ ಸಿಲಿಕೋನ್ ಎಳೆದು, ಸೋಪುನೀರಿನಲ್ಲಿ ಅದ್ದಿದ ಬೆರಳಿನಿಂದ ತೀಡಿ, ಎರಡು ದಿನ ಮುಟ್ಟದೆ ಬಿಟ್ಟೆವು. ಕಾಲುಗಳ ಕೆಳಗೆ ಅಂಗೈಯಗಲದ ಕಲ್ಲಿನ ಬಿಲ್ಲೆಗಳನ್ನು ಇರಿಸಿದೆವು. ಕಲ್ಲಿಗೆ ನಮ್ಮ ಜಿಲ್ಲೆಯಲ್ಲಿ ಬಡತನವಿಲ್ಲ. ನೆಲ ಒರೆಸುವ ನೀರು ಕಾಲಿನ ತಳ ಮುಟ್ಟದಂತೆ ಈ ಬಿಲ್ಲೆಗಳು ಕಾಯುತ್ತವೆ. ಈ ಕೆಲಸ ನಡೆದದ್ದೆಲ್ಲ ಹೊರಗಿನ ಜಗಲಿಯಲ್ಲಿ. ವಾಸನೆ ಸಂಪೂರ್ಣ ಹೋಗಲು ಹತ್ತು ದಿನ ಬೇಕಾಯಿತು. ಅದುವರೆಗೆ ಪೀಠವನ್ನು ಮೀನುಗಳಿದ್ದ ಕೋಣೆಗೆ ತರಲಿಲ್ಲ.

ಪರೀಕ್ಷೆ

ಮೊದಲು ಒಂದು ಚೊಂಬು ನೀರನ್ನು ಮೇಲ್ಹಲಗೆಯ ಮೇಲೆ ಸುರಿದು ಒಂದು ಗಂಟೆ ಬಿಟ್ಟೆವು. ಒರೆಸಿದಾಗ ಎಲ್ಲಿಯಾದರೂ ಕಪ್ಪು ಮಚ್ಚೆ ಕಂಡರೆ ಅಲ್ಲಿ ಲೇಪ ಸಾಲದು. ನಮಗೆ ಒಂದು ಮೂಲೆಯಲ್ಲಿ ಕಂಡಿತು. ಒಣಗಿಸಿ ಮತ್ತೊಂದು ಕೈ ಹಚ್ಚಿದೆವು. ಬಳಿಕ ರಸಮಟ್ಟವಿಟ್ಟು, ಹಳೆಯ ಚಪ್ಪಡಿ ನೆಲ ತಗ್ಗಿದ್ದ ಕಡೆ ಕಲ್ಲುಬಿಲ್ಲೆಯ ಕೆಳಗೆ ತೆಳುವಾದ ತಗಡು ಕೊಟ್ಟು ಸರಿಪಡಿಸಿದೆವು. ಪೀಠದ ಹಿಂಬದಿಯನ್ನು ಎರಡು ಕಬ್ಬಿಣದ ಮೂಲೆಪಟ್ಟಿಗಳಿಂದ ಗೋಡೆಗೆ ಬಿಗಿದೆವು. ಪುಟ್ಟ ಮಕ್ಕಳಿರುವ ಮನೆಯಲ್ಲಿ ಇದನ್ನು ಮರೆಯಲೇಬಾರದು. ತೊಟ್ಟಿಯ ಗಾಜಿನಡಿ ತೆಳುವಾದ ಥರ್ಮೋಕೋಲ್ ಹಾಸಿದರೆ ಸಣ್ಣಪುಟ್ಟ ಏರುತಗ್ಗುಗಳನ್ನು ಅದು ನುಂಗಿಕೊಳ್ಳುತ್ತದೆ.

ಮೀನು ಬಿಡುವ ಮೊದಲು ಬರಿಯ ನೀರು ತುಂಬಿ ಎರಡು ದಿನ ಕಾದೆವು. ಮೊಮ್ಮಗ ನಾಲ್ಕೂ ಮೂಲೆಗಳಲ್ಲಿ ನೀರಿನ ಮಟ್ಟಕ್ಕೆ ಪೆನ್ಸಿಲಿನಿಂದ ಕಾಗದದ ಪಟ್ಟಿಯ ಮೇಲೆ ಗುರುತು ಹಾಕಿ ಅಂಟಿಸಿದ. ಬೆಳಿಗ್ಗೆ ಸಂಜೆ ಅವನೇ ನೋಡಿ ಹೇಳಬೇಕೆಂದು ಕೆಲಸ ವಹಿಸಿದೆವು. ನೀರು ಆವಿಯಾಗಿ ಒಂದಿಷ್ಟು ಇಳಿಯಿತು. ನಾಲ್ಕು ಮೂಲೆಗಳಲ್ಲಿಯೂ ಒಂದೇ ಸಮನಾಗಿ ಇಳಿಯಿತು.

ವಿದ್ಯುತ್ತಿನ ವಿಷಯದಲ್ಲಿ ಒಂದು ಎಚ್ಚರಿಕೆ. ಗಾಳಿಯ ಪಂಪಿನ ವೈರು ಸಾಕೆಟ್ಟಿಗಿಂತ ಕೆಳಕ್ಕೆ ಜೋತು, ಅನಂತರ ಮೇಲೇರಿ ಸಾಕೆಟ್ ಸೇರಬೇಕು. ವೈರಿನ ಮೇಲೆ ಹರಿದು ಬಂದ ಹನಿ ಆ ಬಾಗಿನಲ್ಲಿ ನೆಲಕ್ಕೆ ಉದುರುತ್ತದೆ, ಸಾಕೆಟ್ಟಿನೊಳಕ್ಕೆ ಹೋಗುವುದಿಲ್ಲ. ಸ್ವಿಚ್ ಬೋರ್ಡನ್ನು ತೊಟ್ಟಿಯ ಕೆಳಗೆ ಇಡಲೇಕೂಡದು.

ಉಳಿದ ಮಾತು

ಇನ್ನು ನಮ್ಮ ಮನೆಯವರ ಪ್ರಶ್ನೆ. ವಾರಕ್ಕೊಮ್ಮೆ ನಾಲ್ಕನೆಯ ಒಂದು ಪಾಲು, ಅಂದರೆ ಸುಮಾರು 25 ಲೀಟರ್ ನೀರನ್ನು ಬದಲಾಯಿಸುತ್ತೇವೆ. ತೆಗೆದ ನೀರನ್ನು ಚರಂಡಿಗೆ ಬಿಡುವುದಿಲ್ಲ. ಮೀನಿನ ಮಲ ಕರಗಿದ ಆ ನೀರು ಗಿಡಗಳಿಗೆ ಒಳ್ಳೆಯ ಗೊಬ್ಬರ. ಹಿತ್ತಿಲಿನ ಕರಿಬೇವಿಗೂ ಬಾಳೆಗೂ ಅದನ್ನು ಹಾಕುವ ಕಾಯಕವನ್ನು ಮನೆಯವರು ಯಾರೂ ಹೇಳದೆ ತಾವೇ ವಹಿಸಿಕೊಂಡಿದ್ದಾರೆ. ಹೇಗೂ ಗಿಡಕ್ಕೆ ಹಾಕುತ್ತಿದ್ದ ನೀರು ಈಗ ತೊಟ್ಟಿಯನ್ನು ಹಾದು ಬರುತ್ತದೆ, ಅಷ್ಟೇ. ಕೊಳವೆಬಾವಿಯ ಗಡಸು ನೀರು ಮರದ ಮೇಲೆ ಒಣಗಿದರೆ ಬಿಳಿಯ ಕಲೆ ಬೀಳುವುದರಿಂದ ಬಿದ್ದ ಹನಿಯನ್ನು ಕೂಡಲೇ ಒರೆಸುವ ಕೆಲಸ ಮೊಮ್ಮಗನದು. ವರ್ಷಕ್ಕೊಮ್ಮೆ ಕಾಲಿನ ತಳವನ್ನೂ ಸಂದುಗಳನ್ನೂ ನೋಡಿ ಬೇಕಾದಲ್ಲಿ ಒಂದು ಕೈ ವಾರ್ನಿಷ್ ಕೊಡುವುದು ನಮ್ಮ ಕೆಲಸ.

ಆಚಾರ್ರಿಗೆ ಕೂಲಿ ಕೊಡಲು ಹೋದಾಗ ಅರ್ಧ ಮಾತ್ರ ತೆಗೆದುಕೊಂಡರು. ಉಳಿದರ್ಧ ನಿಮ್ಮ ತಂದೆಯವರ ಮರದ್ದು ಎಂದರು. ಡಾಂಬರು ಬಳಿದಿದ್ದ ಮೂರು ಕಾಲುಗಳ ಪೈಕಿ ಒಂದರಲ್ಲಿ ಆ ಹಳೆಯ ಕಪ್ಪು ಗುರುತನ್ನು ಕೀಸದೆ ಹಾಗೆಯೇ ಉಳಿಸಿ, ಅದರ ಮೇಲೆಯೇ ವಾರ್ನಿಷ್ ಹಚ್ಚಿದ್ದೇವೆ. ಕಿರಿಯ ಮೊಮ್ಮಗಳು ಈಗ ಚೆನ್ನಾಗಿ ನಡೆಯುತ್ತಾಳೆ. ಆದರೂ ಮೀನು ನೋಡಲು ಬಂದಾಗ ಆ ಕಾಲನ್ನೇ ಹಿಡಿದುಕೊಂಡು ನಿಲ್ಲುತ್ತಾಳೆ. ನಾವು ಆ ಹೊತ್ತಿನಲ್ಲಿ ಮೀನುಗಳನ್ನು ನೋಡುವುದಿಲ್ಲ. ನೀರಿನ ಗೆರೆಯನ್ನು ನೋಡುತ್ತೇವೆ. ಅದು ನೇರವಾಗಿದೆ.

ತೊಟ್ಟಿ ಕೊಳ್ಳಬೇಕೆಂದಿರುವ ಬಂಧುಗಳು ಮೊದಲು ಪೀಠ ಸಿದ್ಧಪಡಿಸಿಕೊಂಡು, ಅನಂತರ ಮೀನು ತರಲಿ ಎಂಬುದಷ್ಟೇ ನಮ್ಮ ಬಿನ್ನಹ.